ಅಂಚು ಮುರಿದ ಅಡಗಲ್ಲು ಕೊಳ್ಳಬಹುದೇ?

ನೀವು ಬರೆದಿರುವಂತೆ ಅಂಚಿನ ಚಕ್ಕೆ ಎದ್ದಿದೆ, ನಡುವೆ ತುಸು ತಗ್ಗಿದೆ. ಎರಡಕ್ಕೂ ಹೆದರಬೇಡಿ. ಚೂಪು ಅಂಚು ಕಾದ ಕಬ್ಬಿಣಕ್ಕೆ ಗಾಯ ಮಾಡುತ್ತದೆಂದು ನಾವೇ ಅದನ್ನು ಉಜ್ಜಿ ದುಂಡಗೆ ಮಾಡಿಕೊಳ್ಳುವುದುಂಟು. ಸೊಟ್ಟ ಸಲಾಕೆ ನೆಟ್ಟಗಾಗಿಸಲು ಆ ತಗ್ಗೇ ಅನುಕೂಲ.

ನೋಡಬೇಕಾದ್ದು ಮೇಲ್ಮೈಯನ್ನು. ಹಳೆಯ ಇಂಗ್ಲಿಷ್ ಅಡಗಲ್ಲುಗಳಲ್ಲಿ ಮೆದು ಕಬ್ಬಿಣದ ಒಡಲಿಗೆ ಉಕ್ಕಿನ ತಟ್ಟೆ ಬೆಸೆದಿರುತ್ತಾರೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಒಂದು ಕಡೆ ಮಾತ್ರ ಒಡಕು ದನಿ ಬಂದರೆ ತಟ್ಟೆ ಬಿಟ್ಟುಕೊಂಡಿರಬಹುದು. ಅಂಥದ್ದು ಬೇಡವೇ ಬೇಡ. ಆಮೇಲೆ ಬೇರಿಂಗ್ ಗುಂಡೊಂದನ್ನು ಹತ್ತು ಇಂಚು ಮೇಲಿನಿಂದ ಬಿಡಿ. ಏಳು ಇಂಚು ಪುಟಿದರೆ ಉಕ್ಕಿನ ಹದ ಚೆನ್ನಾಗಿದೆ. ಮೂರಕ್ಕೇ ಸುಸ್ತಾದರೆ ಬರಿಯ ಬೀಡು ಕಬ್ಬಿಣ, ಇಲ್ಲವೇ ಎಲ್ಲೋ ಬೆಂಕಿಗೆ ಬಿದ್ದು ಹದ ಕಳೆದುಕೊಂಡದ್ದು. ಮೇಲ್ಮೈಗೆ ವೆಲ್ಡಿಂಗ್ ಮಾಡಿಸಿದರಾಯಿತು ಎಂಬ ಮಾರುವವರ ಮಾತಿಗೆ ಮರುಳಾಗಬೇಡಿ. ತಿಳಿಯದವರು ಮಾಡಿದರೆ ಉಳಿದ ಹದವೂ ಹೋಗುತ್ತದೆ.

ಪಕ್ಕದಲ್ಲಿ ಕೊರೆದಿರುವ 1-1-10 ಇಸವಿಯಲ್ಲ, ತೂಕ. ಮೊದಲ ಒಂದಕ್ಕೆ 112, ಎರಡನೆಯ ಒಂದಕ್ಕೆ 28, ಕೊನೆಯ 10 ಹಾಗೆಯೇ; ಮೂರನ್ನೂ ಕೂಡಿಸಿ: 150 ಪೌಂಡ್, ಅಂದರೆ 68 ಕಿಲೋ. ಕಲಿಯುವವರಿಗೆ ಧಾರಾಳವಾಯಿತು. ಗುಂಡು ಪುಟಿದರೆ ಕೊಂಡುಬಿಡಿ.

ಪುಟಿಯದಿದ್ದರೆ ಒಂದಡಿ ರೈಲು ಕಂಬಿಯನ್ನು ಮರದ ದಿಮ್ಮಿಯಲ್ಲಿ ನೆಟ್ಟಗೆ ಹೂತು ಕೆಲಸ ಶುರುಮಾಡಿ. ರಸೀದಿ ಮಾತ್ರ ಕೇಳಿ ಪಡೆಯಿರಿ. ಕದ್ದ ರೈಲ್ವೆ ಸೊತ್ತನ್ನು ಇಟ್ಟುಕೊಳ್ಳುವುದೂ 1966ರ ಕಾಯ್ದೆಯಡಿ ಅಪರಾಧ.