‘ಸ್ಥಿರಾಂಕ’ ಎಂಬ ಪದ ಮತ್ತು ನೈಟ್ರೈಲ್ ಹಿಮದ ಅವಕೆಂಪು ಮಾಪನ

‘ಆಪ್ಟಿಕಲ್ ಕಾನ್‌ಸ್ಟಂಟ್ಸ್’ ಎಂಬ ಪಾರಿಭಾಷಿಕವನ್ನು ಕನ್ನಡಕ್ಕೆ ತರುವವರು ‘ದ್ಯುತಿ ಸ್ಥಿರಾಂಕ’ ಎಂದು ರೂಪಿಸುವುದು ಸಹಜ. ಮೂಲಕ್ಕೆ ಅದು ನಿಷ್ಠವೂ ಹೌದು. ಆದರೆ ಆ ಪದ ಸೂಚಿಸುವ ಬೆಲೆಗಳು ಸ್ಥಿರವಲ್ಲ. ಪದಕ್ಕೂ ಅದರ ಅರ್ಥಕ್ಕೂ ನಡುವಿನ ಈ ಅಂತರವನ್ನು ನೈಟ್ರೈಲ್ ಹಿಮಗಳ ಮಾಪನದ ಹಿನ್ನೆಲೆಯಲ್ಲಿ ಇಲ್ಲಿ ಪರಿಶೀಲಿಸಲಾಗಿದೆ.

ಇಂಗಾಲ ಮತ್ತು ಸಾರಜನಕಗಳ ನಡುವೆ ತ್ರಿಬಂಧವುಳ್ಳ ಸಂಯುಕ್ತಗಳೇ ನೈಟ್ರೈಲ್‌ಗಳು. ಶನಿಯ ಉಪಗ್ರಹವಾದ ಟೈಟನ್‌ನ ವಾಯುಮಂಡಲದಲ್ಲಿ ಸಾರಜನಕ ಹಾಗೂ ಮೀಥೇನ್ ಅಣುಗಳು ಒಡೆದು ಇವು ಹುಟ್ಟುತ್ತವೆ. ಕೆಳಗಿನ ಶೀತಲ ಪದರಗಳಿಗೆ ಇಳಿದು ಹೆಪ್ಪುಗಟ್ಟುತ್ತವೆ. (ಇಲ್ಲಿ ‘ಹಿಮ’ ಎಂದರೆ ನೀರಲ್ಲ ಎಂಬುದನ್ನು ಗಮನಿಸಬೇಕು.) 1980ರಲ್ಲಿ ವಾಯೇಜರ್-1, 2004ರಿಂದ 2017ರವರೆಗೆ ಕ್ಯಾಸಿನಿ ನೌಕೆಗಳು ಟೈಟನ್‌ನ ಅವಕೆಂಪು ರೋಹಿತವನ್ನು ದಾಖಲಿಸಿದವು. ಅದರಲ್ಲಿನ ಒಂದು ಪಟ್ಟೆ ಯಾವ ಹಿಮದ್ದು, ಕಣದ ಗಾತ್ರವೆಷ್ಟು ಎಂದು ನಿರ್ಣಯಿಸಲು ಭೂಮಿಯ ಪ್ರಯೋಗಾಲಯದಿಂದ ಎರಡು ಸಂಖ್ಯೆಗಳು ಬೇಕು: ವಕ್ರೀಭವನಾಂಕ ಮತ್ತು ಹೀರಿಕೆಯ ಅಂಕ.

ಮಾಪನದ ಕ್ರಮ ಹೀಗಿದೆ. ನಿರ್ವಾತ ಕೋಶದೊಳಗೆ ಅತಿಶೀತಗೊಳಿಸಿದ ಫಲಕದ ಮೇಲೆ ಅನಿಲವನ್ನು ನಿಧಾನವಾಗಿ ಹಾಯಿಸಿದರೆ ಅದು ತೆಳುಪೊರೆಯಾಗಿ ಹೆಪ್ಪುಗಟ್ಟುತ್ತದೆ. ಪೊರೆಯ ಮೇಲೆ ಬಿದ್ದ ಲೇಸರ್ ಬೆಳಕು ಅದರ ಎರಡೂ ಮೈಗಳಿಂದ ಪ್ರತಿಫಲಿಸಿ, ಪೊರೆ ಬೆಳೆದಂತೆ ಸರದಿಯಾಗಿ ಉಜ್ಜ್ವಲವೂ ಮಂದವೂ ಆಗುತ್ತದೆ. ಈ ಏರಿಳಿತಗಳ ಎಣಿಕೆಯಿಂದ ದಪ್ಪ ದೊರೆಯುತ್ತದೆ. ಅನಂತರ ಅವಕೆಂಪು ಕಿರಣ ಹಾಯಿಸಿ ಹೀರಿಕೆಯನ್ನು ಅಳೆಯಲಾಗುತ್ತದೆ. ಹೀರಿಕೆಯು ರೋಹಿತದುದ್ದಕ್ಕೂ ತಿಳಿದಿದ್ದು, ಲೇಸರ್ ಬೆಳಕಿನಲ್ಲಿ ವಕ್ರೀಭವನಾಂಕವೂ ಗೊತ್ತಿದ್ದರೆ, ಉಳಿದ ತರಂಗಾಂತರಗಳ ವಕ್ರೀಭವನಾಂಕವನ್ನು ಗಣಿತದಿಂದಲೇ ಪಡೆಯಬಹುದು. ಕ್ರೇಮರ್ಸ್ ಮತ್ತು ಕ್ರೋನಿಗ್ ಅವರ ಹೆಸರಿನ ಈ ಸಂಬಂಧದ ತಳಹದಿ, ಕಾರಣಕ್ಕೆ ಮೊದಲು ಕಾರ್ಯ ಜರುಗದು ಎಂಬ, ನಮ್ಮ ತರ್ಕಶಾಸ್ತ್ರಕ್ಕೂ ಪರಿಚಿತವಾದ ತತ್ತ್ವ.

ತೊಡಕಿರುವುದು ಹಿಮದ ಪೂರ್ವಚರಿತ್ರೆಯಲ್ಲಿ. 20 ಕೆಲ್ವಿನ್‌ನಂತಹ ಕೆಳ ಉಷ್ಣತೆಯಲ್ಲಿ ಥಟ್ಟನೆ ಹೆಪ್ಪುಗಟ್ಟಿದ ಅಣುಗಳಿಗೆ ಸಾಲುಗೂಡಲು ಅವಕಾಶವಿರುವುದಿಲ್ಲ. ಹಿಮ ಅಸ್ಫಟಿಕವಾಗಿ ಉಳಿದು, ಅದರ ಪಟ್ಟೆಗಳು ಅಗಲವಾಗಿರುತ್ತವೆ. ಬಿಸಿಯೇರಿಸಿದರೆ ಅದು ಸ್ಫಟಿಕವಾಗಿ, ಪಟ್ಟೆಗಳು ಕಿರಿದೂ ಹರಿತವೂ ಆಗುತ್ತವೆ. ಮರಳಿ ತಂಪಾಗಿಸಿದರೂ ಮೊದಲಿನ ಸ್ಥಿತಿ ಬಾರದು. ಆದ್ದರಿಂದ ಒಂದೇ ವಸ್ತುವಿನ, ಒಂದೇ ಉಷ್ಣತೆಯ ಎರಡು ಮಾದರಿಗಳು ಭಿನ್ನ ‘ಸ್ಥಿರಾಂಕ’ಗಳನ್ನು ನೀಡಬಲ್ಲವು. ನಾಸಾದ ಗಾಡರ್ಡ್ ಕೇಂದ್ರದ ಸಂಶೋಧಕರು 2010ರಲ್ಲಿ ಹೈಡ್ರೊಜನ್ ಸಯನೈಡ್, ಸಯನೊಜನ್, ಅಸಿಟೊನೈಟ್ರೈಲ್, ಪ್ರೊಪಿಯೊನೈಟ್ರೈಲ್, ಸಯನೊಅಸಿಟಿಲೀನ್ ಎಂಬ ಐದು ಹಿಮಗಳ ಬೆಲೆಗಳನ್ನು 2ರಿಂದ 333 ಮೈಕ್ರೊಮೀಟರ್‌ವರೆಗೆ ಪ್ರಕಟಿಸಿದಾಗ, ಹಲವು ಉಷ್ಣತೆಗಳಿಗೂ ಎರಡೂ ಸ್ಥಿತಿಗಳಿಗೂ ಪ್ರತ್ಯೇಕವಾಗಿ ನೀಡಿದ್ದು ಈ ಕಾರಣಕ್ಕೇ.

ಮಿಶ್ರಣದಲ್ಲಿ ಪರಿಸ್ಥಿತಿ ಇನ್ನೂ ಜಟಿಲ. ಟೈಟನ್‌ನ ದಕ್ಷಿಣ ಧ್ರುವದ ಮೇಲೆ ಕ್ಯಾಸಿನಿ ಕಂಡ ಒಂದು ಮೋಡದಲ್ಲಿ ಹೈಡ್ರೊಜನ್ ಸಯನೈಡ್ ಹಾಗೂ ಬೆಂಜೀನ್ ಒಟ್ಟಿಗೇ ಹೆಪ್ಪುಗಟ್ಟಿವೆ ಎಂದು 2017ರಲ್ಲಿ ವರದಿಯಾಯಿತು. ಒಟ್ಟಿಗೆ ಹೆಪ್ಪುಗಟ್ಟಿದ ಹಿಮದ ರೋಹಿತವು ಬಿಡಿ ಹಿಮಗಳ ರೋಹಿತಗಳ ಬರಿಯ ಮೊತ್ತವಲ್ಲ. ಮಿಶ್ರಣವನ್ನೇ ತಯಾರಿಸಿ ಅಳೆಯಬೇಕಾಗುತ್ತದೆ.

ಇಷ್ಟು ಚಂಚಲವಾದುದನ್ನು ‘ಸ್ಥಿರಾಂಕ’ವೆಂದು ಕರೆಯುವುದು ಇಂಗ್ಲಿಷಿನ ಹಳೆಯ ರೂಢಿಯೊಂದನ್ನು ಪರಿಶೀಲಿಸದೆ ಹೊತ್ತು ತಂದಂತೆ. ‘ದ್ಯುತಿ ಗುಣಾಂಕ’ ಎಂಬುದು ಹೆಚ್ಚು ಸಮಂಜಸವೆಂದು ನನ್ನ ಅಭಿಪ್ರಾಯ: ಗುಣವನ್ನು ಸೂಚಿಸುವ ಅಂಕ. ಈಗಾಗಲೇ ‘ಸ್ಥಿರಾಂಕ’ವನ್ನು ಬಳಸಿರುವ ಪಠ್ಯಗಳಲ್ಲಿ ಕನಿಷ್ಠ ಪಕ್ಷ ಕೋಷ್ಟಕದ ಶೀರ್ಷಿಕೆಯಲ್ಲಾದರೂ ಉಷ್ಣತೆ ಮತ್ತು ಸ್ಫಟಿಕಸ್ಥಿತಿಗಳನ್ನು ನಮೂದಿಸಬೇಕು.