ಸೈಕಲ್ ಕ್ರ್ಯಾಂಕ್: ಕೊಳ್ಳುವ ಮುನ್ನ ಪರಿಶೀಲನೆ

ಸೈಕಲ್ಲನ್ನೇ ಅವಲಂಬಿಸಿ ದುಡಿಯುವವರು ಹೊಂದಿಕೆಯಾಗದ ಬಿಡಿಭಾಗವನ್ನು ಕೊಂಡಲ್ಲಿ ಹಣದೊಡನೆ ಒಂದು ದಿನದ ಸಂಪಾದನೆಯೂ ನಷ್ಟವಾಗುತ್ತದೆ. ಅದನ್ನು ಬಲವಂತವಾಗಿ ಕೂರಿಸಿದರೆ ಫ್ರೇಮೇ ನಿರುಪಯುಕ್ತವಾಗಬಹುದು. ಆದುದರಿಂದ ಹೊಸ ಕ್ರ್ಯಾಂಕ್ ಸೆಟ್ ಕೊಳ್ಳುವ ಮೊದಲು ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಅವಶ್ಯಕ.

1. ಕೊಳವೆಯ ಅಗಲ: ಕ್ರ್ಯಾಂಕ್‌ಗಳನ್ನು ಜೋಡಿಸುವ ಆಕ್ಸಲ್, ಫ್ರೇಮಿನ ತಳದಲ್ಲಿರುವ ಅಡ್ಡ ಕೊಳವೆಯ ಮೂಲಕ ಹಾದುಹೋಗುತ್ತದೆ. ಕಪ್‌ಗಳನ್ನು ಬಿಚ್ಚಿ ಈ ಕೊಳವೆಯನ್ನು ಅಳೆಯಬೇಕು. ಬ್ರಿಟಿಷ್ ಮಾದರಿಯಲ್ಲಿ ಅಗಲವು ಸಾಮಾನ್ಯವಾಗಿ 68 ಅಥವಾ 73 ಮಿ.ಮೀ.; ಇಟಾಲಿಯನ್ ಮಾದರಿಯಲ್ಲಿ 70 ಮಿ.ಮೀ.

2. ಥ್ರೆಡ್: ಬ್ರಿಟಿಷ್ ಮಾದರಿಯ ಬಲಗಡೆಯ ಕಪ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸಿದರೆ ಸಡಿಲಗೊಳ್ಳುತ್ತದೆ, ಇಟಾಲಿಯನ್ ಮಾದರಿಯದು ಅದೇ ದಿಕ್ಕಿನಲ್ಲಿ ಬಿಗಿಯಾಗುತ್ತದೆ. ಈ ಭೇದವನ್ನರಿಯದೆ ಬಲ ಪ್ರಯೋಗಿಸಿದರೆ ಕೊಳವೆಯ ಥ್ರೆಡ್ ಸವೆದು ಹಾಳಾಗುತ್ತದೆ.

3. ಆಕ್ಸಲ್ಲಿನ ತುದಿ: ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ಕ್ರ್ಯಾಂಕನ್ನು ಕಾಟರ್ ಪಿನ್ ಹಿಡಿದಿಡುತ್ತದೆ; ಇನ್ನು ಕೆಲವುಗಳಲ್ಲಿ ಆಕ್ಸಲ್ಲಿನ ತುದಿ ಚೌಕಾಕಾರವಾಗಿರುತ್ತದೆ. ಒಂದರ ಕ್ರ್ಯಾಂಕ್ ಮತ್ತೊಂದಕ್ಕೆ ಹೊಂದದು. ಮಾದರಿ ಬದಲಾದರೆ ಆಕ್ಸಲ್ಲನ್ನೂ ಬದಲಾಯಿಸಬೇಕು.

4. ಚೈನಿನ ನೇರ: ಒಂದೇ ಗೇರ್ ಇರುವ ಸೈಕಲ್ಲಿನಲ್ಲಿ ಮುಂದಿನ ಹಲ್ಲುಚಕ್ರವೂ ಹಿಂದಿನ ಫ್ರೀವೀಲೂ ಒಂದೇ ಸಾಲಿನಲ್ಲಿರಬೇಕು. ಆಕ್ಸಲ್ಲಿನ ಉದ್ದ ಹೆಚ್ಚುಕಡಿಮೆಯಾದಲ್ಲಿ ಚೈನ್ ಓರೆಯಾಗಿ ಬೇಗನೆ ಸವೆಯುತ್ತದೆ, ಕಳಚಿಕೊಳ್ಳಲೂಬಹುದು. ಹಲ್ಲುಚಕ್ರವಾಗಲಿ ಕ್ರ್ಯಾಂಕಾಗಲಿ ಫ್ರೇಮಿಗೆ ತಗಲಕೂಡದು.

ಅಂಗಡಿಗೆ ಹೋಗುವಾಗ ಹಳೆಯ ಆಕ್ಸಲ್, ಕಪ್ ಹಾಗೂ ಕ್ರ್ಯಾಂಕ್‌ಗಳನ್ನು ಜೊತೆಯಲ್ಲಿ ಒಯ್ಯುವುದು ಉತ್ತಮ. ಜೋಡಿಸಿದ ಬಳಿಕ ಪೆಡಲನ್ನು ಕೈಯಿಂದ ಪೂರ್ಣ ಸುತ್ತು ತಿರುಗಿಸಿ ನೋಡಿ, ಎಲ್ಲಿಯೂ ತಡೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಸವಾರಿ ಮಾಡತಕ್ಕದ್ದು.