ಎರಡು ಸೆಂಟಿಮೀಟರ್ ಎತ್ತರದಿಂದ ಒಂದು ಬಸ್ಸು

ಮಕ್ಕಳೇ, ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಎಂಟನೇ ತರಗತಿಯ ಹುಡುಗನೊಬ್ಬ ನಮ್ಮ ವಿಜ್ಞಾನ ಸಂಘದಲ್ಲಿ ಒಂದು ಫೋಟೊ ತೋರಿಸಿದ. ಅವನ ಹತ್ತಿರ ಜಾತ್ರೆಯಲ್ಲಿ ಕೊಂಡ 15 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಬಸ್ಸೊಂದಿದೆ. ಅದನ್ನು ಅಂಗಳದಲ್ಲಿಟ್ಟು ಅಕ್ಕನ ಮೊಬೈಲಿನಲ್ಲಿ ಫೋಟೊ ತೆಗೆದಿದ್ದ. ಅವನ ಊರಿಗೆ ಬಸ್ಸಿಲ್ಲ. ಬಸ್ಸು ಹಿಡಿಯಬೇಕಾದರೆ ಎರಡು ಕಿಲೋಮೀಟರ್ ನಡೆದು ಮುಖ್ಯರಸ್ತೆಗೆ ಬರಬೇಕು.

"ನಮ್ಮ ಊರಿಗೆ ಬಸ್ಸು ಬಂದ ಹಾಗೆ ಫೋಟೊ ತೆಗೀಬೇಕು ಮಾಷ್ಟ್ರೇ. ಆದ್ರೆ ನೋಡಿದ ಕೂಡಲೇ ಆಟಿಕೆ ಅಂತ ಗೊತ್ತಾಗ್ತದೆ. ಎಂತ ಮಾಡುವುದು?"

ನಾನು ಉತ್ತರ ಹೇಳಲಿಲ್ಲ. "ಆಟಿಕೆ ಅಂತ ಹೇಗೆ ಗೊತ್ತಾಗ್ತದೆ ಹೇಳು" ಎಂದು ಅವನನ್ನೇ ಕೇಳಿದೆ. ಆ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ನಮಗೆ ಮೂರು ಶನಿವಾರ ಬೇಕಾಯಿತು. ಆಟಿಕೆಗಳ ಫೋಟೊ ತೆಗೆಯುವುದು ಬರೀ ಆಟವಲ್ಲ, ಅದರೊಳಗೆ ಬೆಳಕಿನ ಪಾಠವೆಲ್ಲ ಅಡಗಿದೆ ಎಂದು ನಮಗೆ ಗೊತ್ತಾದದ್ದು ಹಾಗೆ.

ಫೋಟೊಗೆ ಅಳತೆ ಗೊತ್ತಿಲ್ಲ

ಹುಣ್ಣಿಮೆಯ ದಿನ ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಕಿರುಬೆರಳನ್ನು ಚಂದ್ರನಿಗೆ ಅಡ್ಡ ಹಿಡಿಯಿರಿ. ಸುಮಾರು 3,470 ಕಿ.ಮೀ. ಅಗಲದ ಚಂದ್ರ ನಿಮ್ಮ ಬೆರಳಿನ ಹಿಂದೆ ಅಡಗಿಬಿಡುತ್ತಾನೆ! ಕಣ್ಣಿಗಾಗಲಿ ಕ್ಯಾಮರಾಕ್ಕಾಗಲಿ ಸಿಗುವುದು ವಸ್ತುವಿನ ಗಾತ್ರವಲ್ಲ; ವಸ್ತು ಮಾಡುವ ಕೋನ ಮಾತ್ರ. ಚಿಕ್ಕದು ಹತ್ತಿರವಿದ್ದರೂ ದೊಡ್ಡದು ದೂರವಿದ್ದರೂ ಕೋನ ಒಂದೇ ಆಗಬಹುದು.

ಈಗ ಲೆಕ್ಕ ಮಾಡೋಣ. ನಿಜವಾದ ಬಸ್ಸಿನ ಉದ್ದ ಸುಮಾರು 10.5 ಮೀಟರ್, ಅಂದರೆ 1,050 ಸೆಂ.ಮೀ. ಎಂದಿಟ್ಟುಕೊಳ್ಳಿ. ಆಟಿಕೆಯದು 15 ಸೆಂ.ಮೀ. ಭಾಗಿಸಿದರೆ 70. ಹಾಗಾಗಿ ನಮ್ಮ ಆಟಿಕೆಯ ಪ್ರಮಾಣ 1:70. ಇದನ್ನು 35 ಸೆಂ.ಮೀ. ದೂರದಿಂದ ನೋಡಿದರೆ, ನಿಜವಾದ ಬಸ್ಸನ್ನು 35 × 70 = 2,450 ಸೆಂ.ಮೀ., ಅಂದರೆ 24.5 ಮೀಟರ್ ದೂರದಿಂದ ನೋಡಿದಷ್ಟೇ ದೊಡ್ಡದಾಗಿ ಕಾಣುತ್ತದೆ. ಈ 70 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಬೀಗದ ಕೈ.

ಮೊದಲ ತಪ್ಪು: ಮೇಲಿನಿಂದ ನೋಡಿದ್ದು

ಹುಡುಗ ನಿಂತುಕೊಂಡೇ ಫೋಟೊ ತೆಗೆದಿದ್ದ. ಬಸ್ಸಿನ ಮಾಡು ಪೂರ್ತಿ ಕಾಣುತ್ತಿತ್ತು. ರಸ್ತೆ ಬದಿಯಲ್ಲಿ ನಿಂತವರಿಗೆ ಬಸ್ಸಿನ ಮಾಡು ಎಲ್ಲಿ ಕಾಣುತ್ತದೆ? ನಿಂತ ಮನುಷ್ಯನ ಕಣ್ಣು ನೆಲದಿಂದ ಸುಮಾರು 150 ಸೆಂ.ಮೀ. ಎತ್ತರದಲ್ಲಿರುತ್ತದೆ. 70ರಿಂದ ಭಾಗಿಸಿ. ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು ಬರುತ್ತದೆ. ಕ್ಯಾಮರಾದ ಕಣ್ಣು ಇರಬೇಕಾದ್ದು ಅಷ್ಟೇ ಎತ್ತರದಲ್ಲಿ.

ಮೊಬೈಲಿನ ಕ್ಯಾಮರಾ ಮೇಲ್ತುದಿಯಲ್ಲಿರುತ್ತದಲ್ಲ, ಅಷ್ಟು ಕೆಳಗೆ ತರುವುದು ಹೇಗೆ? ಏಳನೇ ತರಗತಿಯ ಹುಡುಗಿಯೊಬ್ಬಳು ಮೊಬೈಲನ್ನು ತಲೆಕೆಳಗಾಗಿ ಹಿಡಿದಳು. ಕ್ಯಾಮರಾ ನೆಲದ ಹತ್ತಿರ ಬಂತು. ಅಷ್ಟಕ್ಕೇ ಫೋಟೊ ಅರ್ಧ ಸರಿಯಾಯಿತು.

ಎರಡನೆಯದು: ಮಸುಕು

ಇನ್ನೂ ಏನೋ ಸರಿಯಿರಲಿಲ್ಲ. ಬಸ್ಸಿನ ಮುಂಭಾಗ ಸ್ಪಷ್ಟವಾಗಿತ್ತು. ಹಿಂಭಾಗ ಮತ್ತು ಆಚೆಯ ಗಿಡಗಳು ಮಸುಕಾಗಿದ್ದವು. ಹತ್ತಿರದ ವಸ್ತುವಿನ ಫೋಟೊ ತೆಗೆಯುವಾಗ ಹೀಗಾಗುವುದು ಸಹಜ. ಕಾರಣ ಹತ್ತನೇ ತರಗತಿಯ ಮಸೂರದ ಸೂತ್ರದಲ್ಲಿದೆ.

ಮೊಬೈಲಿನ ಮಸೂರದ ಸಂಗಮದೂರ 5 ಮಿ.ಮೀ. ಎಂದಿಟ್ಟುಕೊಳ್ಳಿ. 35 ಸೆಂ.ಮೀ. ಮತ್ತು 50 ಸೆಂ.ಮೀ. ದೂರದ ಎರಡು ವಸ್ತುಗಳ ಪ್ರತಿಬಿಂಬಗಳು ಮಸೂರದ ಹಿಂದೆ ಬೀಳುವ ಜಾಗಗಳಿಗೆ ಸುಮಾರು 0.02 ಮಿ.ಮೀ. ವ್ಯತ್ಯಾಸ ಇರುತ್ತದೆ. ಅದೇ ಎರಡು ವಸ್ತುಗಳು 70 ಪಾಲು ದೂರ, ಅಂದರೆ 24.5 ಮೀ. ಮತ್ತು 35 ಮೀ. ದೂರದಲ್ಲಿದ್ದರೆ ವ್ಯತ್ಯಾಸ ಬರೀ 0.0003 ಮಿ.ಮೀ. ಆದ್ದರಿಂದ ದೂರದ ಬಸ್ಸೂ ಅದರ ಹಿಂದಿನ ಮರವೂ ಒಟ್ಟಿಗೆ ಸ್ಪಷ್ಟವಾಗಿ ಮೂಡುತ್ತವೆ. ಹತ್ತಿರದ ಆಟಿಕೆಗೆ ಆ ಭಾಗ್ಯವಿಲ್ಲ. ಹಿನ್ನೆಲೆ ಮಸುಕಾಗಿದ್ದರೆ "ಇದು ಹತ್ತಿರದ್ದು, ಸಣ್ಣದು" ಎಂದು ನಮ್ಮ ಮಿದುಳು ತೀರ್ಮಾನಿಸಿಬಿಡುತ್ತದೆ.

ಉಪಾಯ ಸುಲಭ. ಒಂದು ಮೀಟರ್ ಹಿಂದೆ ಸರಿದು ಫೋಟೊ ತೆಗೆಯಿರಿ. ಆಮೇಲೆ ಬೇಡವಾದ ಅಂಚುಗಳನ್ನು ಕತ್ತರಿಸಿ.

ಮೂರನೆಯದು: ಬೆಳಕು

ಮನೆಯೊಳಗಿನ ಟ್ಯೂಬ್‌ಲೈಟ್ ಸುಮಾರು 120 ಸೆಂ.ಮೀ. ಉದ್ದ. ನಮ್ಮ ಪುಟ್ಟ ಬಸ್ಸಿನ ಲೆಕ್ಕದಲ್ಲಿ ಅದು 84 ಮೀಟರ್ ಉದ್ದದ ದೀಪ! ಅಂಥ ದೀಪ ಯಾವ ಊರಿನ ರಸ್ತೆಯ ಮೇಲೂ ಇಲ್ಲ. ಅದರ ನೆರಳು ಮೆತ್ತಗೆ ಹರಡಿ ಬೀಳುತ್ತದೆ, ಕಣ್ಣು ಕೂಡಲೇ ಅನುಮಾನ ಪಡುತ್ತದೆ.

ಬಿಸಿಲಿಗೆ ಈ ತೊಂದರೆ ಇಲ್ಲ. ಸೂರ್ಯ ಎಷ್ಟು ದೂರವೆಂದರೆ, ಆಟಿಕೆ ಬಸ್ಸಿಗೂ ನಿಜವಾದ ಬಸ್ಸಿಗೂ ಅವನು ಸುಮಾರು ಅರ್ಧ ಡಿಗ್ರಿ ಅಗಲವಾಗಿಯೇ ಕಾಣುತ್ತಾನೆ. ಆದ್ದರಿಂದ ನೆರಳಿನ ಅಂಚು ಎರಡಕ್ಕೂ ಅದರದರ ಗಾತ್ರಕ್ಕೆ ತಕ್ಕ ಹಾಗೆ ಬೀಳುತ್ತದೆ. ಬೆಳಿಗ್ಗೆ ಎಂಟರ ಬಿಸಿಲು ಒಳ್ಳೆಯದು. ನೆರಳು ತೀರಾ ಕಪ್ಪಾದರೆ ಆ ಬದಿಗೆ ಒಂದು ಬಿಳಿ ಕಾಗದ ಹಿಡಿಯಿರಿ, ಸಾಕು.

ನಾಲ್ಕನೆಯದು: ಮಣ್ಣು ಮತ್ತು ನೀರು

ಅಂಗಳದ 1 ಸೆಂ.ಮೀ. ಜಲ್ಲಿಕಲ್ಲು ನಮ್ಮ ಬಸ್ಸಿನ ಮುಂದೆ 70 ಸೆಂ.ಮೀ. ಬಂಡೆ. ಹಾಗಾಗಿ ಒಣಗಿದ ಕೆಂಪು ಮಣ್ಣನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಜರಡಿ ಹಿಡಿದು ರಸ್ತೆ ಮಾಡಿದೆವು. ಅದೇ ಮಣ್ಣನ್ನು ಸ್ವಲ್ಪ ಬಸ್ಸಿಗೂ ಸವರಿದಾಗ ಪ್ಲಾಸ್ಟಿಕ್ಕಿನ ಹೊಳಪು ಹೋಯಿತು.

ನೀರು ಮಾತ್ರ ನಮ್ಮ ಮಾತು ಕೇಳಲಿಲ್ಲ. ಮಳೆ ಬಂದ ಹಾಗೆ ಮಾಡಲು ನೀರು ಚಿಮುಕಿಸಿದೆವು. ಬಸ್ಸಿನ ಮೇಲೆ ನಿಂತ 4 ಮಿ.ಮೀ. ಹನಿ 28 ಸೆಂ.ಮೀ. ಹನಿಯಂತೆ, ತೆಂಗಿನಕಾಯಿಗಿಂತ ದೊಡ್ಡದಾಗಿ ಕಂಡಿತು! ಹನಿಯ ಗಾತ್ರವನ್ನು ನಿರ್ಧರಿಸುವುದು ನೀರಿನ ಮೇಲ್ಮೈ ಎಳೆತ ಮತ್ತು ಭಾರ. ಆಟಿಕೆ ಸಣ್ಣದೆಂದು ನೀರು ತನ್ನ ಹನಿಯನ್ನು ಸಣ್ಣದು ಮಾಡುವುದಿಲ್ಲ.

ಅಮೆರಿಕದ ಮೈಕಲ್ ಪಾಲ್ ಸ್ಮಿತ್ ಎಂಬವರು ಇಂಥ ಲೆಕ್ಕದಲ್ಲಿ ನಿಪುಣರಾಗಿದ್ದರು. 1:24 ಪ್ರಮಾಣದ ಆಟಿಕೆ ಕಾರುಗಳನ್ನೂ ತಾವೇ ಕಟ್ಟಿದ ಪುಟ್ಟ ಮನೆಗಳನ್ನೂ ಬಯಲಿನಲ್ಲಿ ಮೇಜಿನ ಮೇಲಿಟ್ಟು, ಹಿಂದೆ ದೂರದಲ್ಲಿ ನಿಜವಾದ ಮರ, ಕಟ್ಟಡ ಬರುವ ಹಾಗೆ ಸಾಧಾರಣ ಕ್ಯಾಮರಾದಲ್ಲಿ ಫೋಟೊ ತೆಗೆಯುತ್ತಿದ್ದರು. ಹಾಗೆ ಹುಟ್ಟಿದ ಊರಿಗೆ ಎಲ್ಗಿನ್ ಪಾರ್ಕ್ ಎಂದು ಹೆಸರಿಟ್ಟರು. ಅಂಥ ಊರು ಇಲ್ಲವೇ ಇಲ್ಲ ಎಂದು ಅವರು ಎಂದೂ ಮುಚ್ಚಿಡಲಿಲ್ಲ.

ಬಸ್ಸು ಎಷ್ಟು ಗಂಟೆಗೆ?

ಮೂರನೇ ಶನಿವಾರ ನಮ್ಮ ಫೋಟೊ ಗೆದ್ದಿತು. ಕೆಂಪು ರಸ್ತೆ, ಧೂಳು ಹಿಡಿದ ಬಸ್ಸು, ಹಿಂದೆ ದೂರದಲ್ಲಿ ನಿಜವಾದ ಅಡಿಕೆ ತೋಟ. ಹುಡುಗನ ಅಕ್ಕ ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಅಲ್ಲಿಂದ ಅದು ಊರೆಲ್ಲ ಸುತ್ತಿತು.

ಸೋಮವಾರ ಹುಡುಗ ಸಪ್ಪಗೆ ಕೂತಿದ್ದ. ಕೇಳಿದರೆ ಹೇಳಿದ: "ನೆರೆಮನೆ ಅಜ್ಜಿ ಬೆಳಿಗ್ಗೆ ಸೀರೆ ಉಟ್ಟು, ಚೀಲ ಹಿಡ್ಕೊಂಡು ರಸ್ತೆಗೆ ಬಂದಿದ್ರು ಮಾಷ್ಟ್ರೇ. ಆಸ್ಪತ್ರೆಗೆ ಹೋಗ್ಲಿಕ್ಕೆ. ಬಸ್ಸು ಎಷ್ಟು ಗಂಟೆಗೆ ಮಗಾ ಅಂತ ನನ್ನತ್ರಾನೇ ಕೇಳಿದ್ರು."

ಆವತ್ತು ನಾನು ಅವರಿಗೆ ಹಳೆಯ ಕತೆಯೊಂದನ್ನು ಹೇಳಿದೆ. 1934ರ ಏಪ್ರಿಲ್ 21ರಂದು ಲಂಡನ್ನಿನ 'ಡೈಲಿ ಮೇಲ್' ಪತ್ರಿಕೆಯಲ್ಲಿ ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ಫೋಟೊ ಬಂತು. ನೀರಿನಿಂದ ಉದ್ದ ಕತ್ತು ಮೇಲೆತ್ತಿದ ದೈತ್ಯ ಪ್ರಾಣಿ! ಒಬ್ಬ ವೈದ್ಯರ ಹೆಸರಲ್ಲಿ ಬಂದ ಚಿತ್ರವಾದ್ದರಿಂದ ಬಹಳ ಜನ ನಂಬಿದರು. ಅದು ಆಟಿಕೆಯ ಜಲಾಂತರ್ಗಾಮಿಗೆ ಅಂಟಿಸಿದ ಗೊಂಬೆಯ ತಲೆ ಎಂದು ಜಗತ್ತಿಗೆ ತಿಳಿದದ್ದು 1994ರಲ್ಲಿ, 60 ವರ್ಷಗಳ ಮೇಲೆ. ಗುಟ್ಟಿನ ಸುಳಿವು ಚಿತ್ರದಲ್ಲೇ ಇತ್ತು. ಅಂಚು ಕತ್ತರಿಸದ ಪೂರ್ತಿ ಚಿತ್ರದಲ್ಲಿ ಆ 'ಪ್ರಾಣಿ' ಚಿಕ್ಕದಾಗಿಯೇ ಕಾಣುತ್ತದೆ. ಸುತ್ತಲಿನ ನೀರಿನ ಅಲೆಗಳ ಪಕ್ಕದಲ್ಲಿಟ್ಟು ನೋಡಿದರೆ ಅದರ ಗಾತ್ರ ಅಂದಾಜಾಗುತ್ತದೆ. ನಮ್ಮ ಬಸ್ಸಿನ ಮೇಲಿನ ಹನಿ ಹೇಳಿದ ಹಾಗೆಯೇ ಅಲ್ಲಿಯೂ ನೀರು ಸತ್ಯ ಹೇಳಿತ್ತು.

ಸಂಜೆ ಹುಡುಗ ಪ್ಲಾಸ್ಟಿಕ್ ಬಸ್ಸನ್ನು ಅಜ್ಜಿಯ ಕೈಗೇ ಕೊಟ್ಟು ಎಲ್ಲ ವಿವರಿಸಿದ. ಅಜ್ಜಿ ನಕ್ಕರಂತೆ. ಆಮೇಲೆ, "ಇಷ್ಟು ಚೆಂದ ಮಾಡ್ಲಿಕ್ಕೆ ಬರ್ತದಲ್ಲ, ಬಸ್ಸು ಬೇಕು ಅಂತ ಒಂದು ಅರ್ಜಿಯೂ ಬರಿ" ಎಂದರಂತೆ. ಅರ್ಜಿ ಹೋಗಿದೆ. ಜೊತೆಗೆ ಆ ಫೋಟೊ ಕೂಡ. ಕೆಳಗೆ ಹುಡುಗ ತನ್ನ ಕೈಯಲ್ಲೇ ಬರೆದಿದ್ದಾನೆ: "ಇದು ಆಟಿಕೆ. ಪ್ರಮಾಣ 1:70. ನಮಗೆ 1:1 ಬೇಕು."

ಮಾಡಿ ನೋಡಿ

1. ನಿಮ್ಮಲ್ಲಿರುವ ಒಂದು ಆಟಿಕೆಯ ಉದ್ದ ಅಳೆದು ಅದರ ಪ್ರಮಾಣ ಕಂಡುಹಿಡಿಯಿರಿ. ಕ್ಯಾಮರಾ ಎಷ್ಟು ಎತ್ತರದಲ್ಲಿರಬೇಕು? ಸ್ಮಿತ್ ಅವರ 1:24 ಕಾರಿಗೆ ಎಷ್ಟು?
2. ಒಂದೇ ಆಟಿಕೆಯ ಎರಡು ಫೋಟೊ ತೆಗೆಯಿರಿ: ಒಂದು ನಿಂತು, ಇನ್ನೊಂದು ಲೆಕ್ಕದ ಎತ್ತರದಿಂದ. ಯಾವುದು ದೊಡ್ಡದಾಗಿ ಕಾಣುತ್ತದೆ ಎಂದು ಮನೆಯವರನ್ನು ಕೇಳಿ.
3. ಮೂರನೇ ಫೋಟೊದಲ್ಲಿ ಪಕ್ಕಕ್ಕೆ ಒಂದು ಸ್ಕೇಲ್ ಇಡಿ. ಮೂರನ್ನೂ ಒಟ್ಟಿಗೆ ಗೋಡೆ ಪತ್ರಿಕೆಯಲ್ಲಿ ಹಾಕಿ.
4. ಮೊಬೈಲಿಗೆ ನಂಬಲಾಗದ ಫೋಟೊ ಬಂದರೆ ಮುಂದೆ ಕಳಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಕ್ಯಾಮರಾ ಎಲ್ಲಿತ್ತು? ಮಸುಕು ಎಲ್ಲಿದೆ? ನೆರಳು ಹೇಗೆ ಬಿದ್ದಿದೆ? ಪಕ್ಕದಲ್ಲಿ ಅಳತೆ ಗೊತ್ತಿರುವ ವಸ್ತು ಯಾವುದಿದೆ?